ಕೆರೆಯ ನೀರಿನ ಅಲ್ಪ ಪ್ರಾಣಿಗಳು

ಬೇಸಿಗೆಯಲ್ಲಿ ಊರ ಕೆರೆಯು ಬತ್ತಿ, ಅದರ ನೆಲವು ಹೆಂಚಿನಂತೆ ಒಣಗಿ ಬಿರುಕು ಬಿಡುವದನ್ನು ನೀವೆಲ್ಲರೂ ಕಂಡಿದ್ದೀರಿ. ದನಗಳು ಅದರ ಮೇಲೆ ನಡೆದು ಹೋಗುವವು, ಹುಡುಗರು ಅಲ್ಲಿ ಆಡುವರು, ಗಾಡಿಯ ಜಾಡು ಸಹ ಬೀಳುವದು. ಅನಂತರ ಮುಂಗಾರು ಮಳೆ ಸುರಿದು ತಗ್ಗುಗಳಲ್ಲಿ ಮೊಣಕಾಲಷ್ಟು ನೀರು ನಿಂತರೆ, ಎಂಟು ಹತ್ತು ದಿವಸಗಳೊಳಗೆ ಆ ನೀರಿನಲ್ಲಿ ಲೆಕ್ಕವಿಲ್ಲದ ಸಣ್ಣ ಪ್ರಾಣಿಗಳು ಓಡಾಡುವವು. ಇವು ಎಲ್ಲಿಂದ ಬಂದವು? ಮಳೆಯ ಸಂಗಡ ಆಕಾಶದಿಂದ ಬಿದ್ದವೆಂದು ಕೆಲವರು ಹೇಳುವರು. ಕೆಸರೇ ಹುಳವಾಯಿತೆಂದು ಬೇರೆ ಕೆಲವರು ಹೇಳುವರು. ಎರಡೂ ಸರಿಯಲ್ಲ. ಅವುಗಳಲ್ಲಿ ಹೆಚ್ಚಿನವು ಆ ಒಣ ಮಣ್ಣಿನಲ್ಲಿಯೇ, ದನಗಳ ಗೊರಸಿನ ಕೆಳಗೆ, ಕಾದುಕೊಂಡು ಇದ್ದವು. ಹೇಗೆ ಇದ್ದವೆಂಬದನ್ನೂ, ಅವುಗಳೊಳಗೆ ಒಂದು ನಮ್ಮ ಜನರಿಗೆ ತಲತಲಾಂತರದಿಂದ ಎಂಥಾ ಬಾಧೆಯನ್ನು ತಂದಿತ್ತು, ಆ ಬಾಧೆಯು ಹೇಗೆ ನಿಂತಿತು ಎಂಬದನ್ನೂ ಈ ಪಾಠದಲ್ಲಿ ವಿವರಿಸುವೆವು.

ಪ್ರಾಣಿಯೆಂದ ಕೂಡಲೆ ನಮ್ಮ ಮನಸ್ಸಿಗೆ ದನ, ನಾಯಿ, ಹಕ್ಕಿ, ಹಾವು, ಮೀನು ಇವೇ ಬರುವವು. ಇವೆಲ್ಲವುಗಳಿಗೂ ಬೆನ್ನೆಲುಬು ಉಂಟು. ಆದರೆ ಪಂಡಿತರು ಈ ವರೆಗೆ ಹೆಸರಿಟ್ಟಿರುವ ಪ್ರಾಣಿಜಾತಿಗಳಲ್ಲಿ ನೂರಕ್ಕೆ ೯೫ಕ್ಕಿಂತ ಹೆಚ್ಚು ಬೆನ್ನೆಲುಬಿಲ್ಲದವುಗಳೇ ಆಗಿವೆ. ಏಡಿ, ಸೀಗಡಿ, ಬಸವನ ಹುಳ, ಜಿಗಣೆ ಮುಂತಾದವುಗಳನ್ನು ನಾವು ಬಲ್ಲೆವು. ಇಲ್ಲಿ ಹೇಳತಕ್ಕವುಗಳಿಗೋ ನಮ್ಮ ಹಳ್ಳಿಯ ಮಾತಿನಲ್ಲಿ ಹೆಸರು ಸಹ ಇಲ್ಲ. ಹೆಸರಿಲ್ಲದ್ದನ್ನು ಮನುಷ್ಯನು ಕಣ್ಣೆದುರಿಗಿದ್ದರೂ ಕಾಣುವದಿಲ್ಲವೆಂದು ನಮಗೆ ತೋರುತ್ತದೆ.

ಹಾಲೆಂಡ್ ದೇಶದ ಡೆಲ್ಫ್ಟ್ ಪಟ್ಟಣದಲ್ಲಿ ಅಂತೋನಿ ವಾನ್ ಲೇವನ್‌ಹುಕ್ ಎಂಬ ಜವಳಿ ವ್ಯಾಪಾರಿಯು ಇದ್ದನು. ಅವನು ದೊಡ್ಡ ವಿದ್ಯಾಶಾಲೆಯಲ್ಲಿ ಕಲಿತವನಲ್ಲ, ಆ ಕಾಲದ ಪಂಡಿತರ ಲ್ಯಾಟಿನ್ ಭಾಷೆಯನ್ನು ಅರಿತವನೂ ಅಲ್ಲ. ಆದರೆ ಚಿಕ್ಕ ಗಾಜುಗಳಿಂದ ಸಣ್ಣ ವಸ್ತುಗಳನ್ನು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕ ಮಾಡುವದರಲ್ಲಿ ಅವನಿಗೆ ಸಮಾನರು ವಿರಳ. ೧೭೦೨ನೇ ಇಸವಿಯಲ್ಲಿ ಅವನು ಮಾಡಿನ ನೀರು ಹರಿಯುವ ಸೀಸದ ದೋಣಿಯೊಳಗೆ ಒಣಗಿ ಬಿದ್ದಿದ್ದ ಧೂಳನ್ನು ತೆಗೆದು, ಗಾಜಿನ ಕೊಳವೆಯಲ್ಲಿ ಹಾಕಿ ನೀರು ಹೊಯ್ದನು. ಹೆಚ್ಚು ಹೊತ್ತು ಆಗುವದರೊಳಗೆ ಆ ಧೂಳಿನ ಕಣಗಳಲ್ಲಿ ಕೆಲವು ಉಬ್ಬಿ, ಮೈ ಚಾಚಿ, ಈಜಲಾರಂಭಿಸಿದವು. ತಿಂಗಳುಗಟ್ಟಲೆ ಒಣಗಿಸಿಟ್ಟ ಧೂಳಿನಲ್ಲಿಯೂ ಹಾಗೆಯೇ ಆಯಿತು.

ಅವನು ಕಂಡ ಪ್ರಾಣಿಗಳಿಗೆ ಈಗ ರೋಟಿಫರ್ ಎಂದು ಹೆಸರು. ಚಕ್ರಧಾರಿ ಎಂದು ಅರ್ಥ. ಅವುಗಳ ತಲೆಯ ಮೇಲೆ ಅತಿ ಸೂಕ್ಷ್ಮವಾದ ರೋಮಗಳ ಬಳೆಯುಂಟು. ಗಾಳಿ ಬೀಸಿದಾಗ ಪೈರು ಅಲೆಯಲೆಯಾಗಿ ಬಾಗುವ ಪ್ರಕಾರ ಆ ರೋಮಗಳು ಒಂದರ ಹಿಂದೊಂದು ಬಾಗುವದರಿಂದ ಎರಡು ಗಾಲಿಗಳು ತಿರುಗುವಂತೆ ಕಾಣುತ್ತದೆ. ನಿಜವಾಗಿ ಯಾವದೂ ತಿರುಗುವದಿಲ್ಲ. ಈ ಅಲೆಯಿಂದ ನೀರು ಸುಳಿಯಾಗಿ ಬಾಯಿಗೆ ಬರುವದು, ಒಳಗಿರುವ ದವಡೆಗಳು ಆಹಾರವನ್ನು ಅರೆಯುವವು. ದವಡೆ, ಹೊಟ್ಟೆ, ಕೆಲವಕ್ಕೆ ಕಣ್ಣಿನ ಚುಕ್ಕೆ, ಇಷ್ಟೆಲ್ಲಾ ಸಾಸಿವೆ ಕಾಳಿಗಿಂತ ಎಷ್ಟೋ ಸಣ್ಣದಾದ ಮೈಯಲ್ಲಿ! ಇವುಗಳಲ್ಲಿ ಸುಮಾರು ೨,೦೦೦ ಜಾತಿಗಳುಂಟು. ಜಿಗಣೆಯಂತೆ ಮೈಯನ್ನು ಕುಗ್ಗಿಸಿ ಹಿಗ್ಗಿಸಿ ನಡೆಯುವ ಒಂದು ವರ್ಗದಲ್ಲಿ ಗಂಡನ್ನು ಈ ವರೆಗೆ ಯಾರೂ ಕಂಡಿಲ್ಲ. ಎಲ್ಲವೂ ಹೆಣ್ಣುಗಳೇ, ಗಂಡಿಲ್ಲದೆಯೇ ತತ್ತಿಯಿಟ್ಟು ಮರಿ ಮಾಡುವವು. ಸೈಬೀರಿಯದಲ್ಲಿ ಸುಮಾರು ೨೪,೦೦೦ ವರುಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣನ್ನು ತೆಗೆದು ಕರಗಿಸಿದಾಗ ಈ ವರ್ಗದ ಪ್ರಾಣಿಯು ಎಚ್ಚತ್ತು ಮರಿ ಹಾಕಿತೆಂದು ರಷ್ಯದ ಪಂಡಿತರು ೨೦೨೧ರಲ್ಲಿ ಪ್ರಕಟಿಸಿದರು.

ಅದೇ ಹಾವಸೆಯಲ್ಲಿ ಇನ್ನೊಂದು ಪ್ರಾಣಿ ಇರುವದು. ಅದನ್ನು ೧೭೭೩ರಲ್ಲಿ ಮೊದಲು ವರ್ಣಿಸಿದವರು ಜರ್ಮನಿಯ ಕ್ವೇಡ್ಲಿನ್‌ಬುರ್ಗ್ ಪಟ್ಟಣದಲ್ಲಿ ಸಭಾಪಾಲಕರಾಗಿದ್ದ ಗೋಯ್ಟ್ಸೆ ಅಯ್ಯನವರು. ಎಂಟು ಮೊಂಡು ಕಾಲುಗಳು, ಕಾಲಿಗೆ ಉಗುರುಗಳು, ತೂಗಾಡುತ್ತಾ ನಡೆಯುವ ನಡಿಗೆ, ಇವುಗಳನ್ನು ನೋಡಿ ಅವರು ಅದಕ್ಕೆ ಪುಟ್ಟ ನೀರುಕರಡಿ ಎಂದು ಹೆಸರಿಟ್ಟರು. ಮೂರು ವರುಷಗಳ ತರುವಾಯ ಇತಾಲ್ಯ ದೇಶದ ಯಾಜಕನಾದ ಸ್ಪಲ್ಲಂಜಾನಿಯು ಅದನ್ನು ಮಂದಗಾಮಿಯೆಂದು ಕರೆದನು. ಟಾರ್ಡಿಗ್ರೇಡ್ ಎಂಬ ಈಗಿನ ಹೆಸರು ಅದರಿಂದ ಬಂದದ್ದು. ನೀರು ಆರಿದಾಗ ಇದು ಕಾಲುಗಳನ್ನು ಒಳಗೆ ಎಳೆದುಕೊಂಡು ಪುಟ್ಟ ಪೀಪಾಯಿಯಂತೆ ಆಗುವದು. ಮೈಯೊಳಗಿನ ನೀರು ಬಹುಮಟ್ಟಿಗೆ ಎಲ್ಲವೂ ಹೋಗುವದು. ಉಣ್ಣುವದು, ಉಸಿರಾಡುವದು, ಬೆಳೆಯುವದು ಎಲ್ಲವೂ ನಿಂತಂತೆ ಆಗುವದು. ೨೦೦೭ರಲ್ಲಿ ಹೀಗೆ ಒಣಗಿದ ನೀರುಕರಡಿಗಳನ್ನು ಆಕಾಶನೌಕೆಯಲ್ಲಿ ಕಳುಹಿಸಿ, ಗಾಳಿಯೇ ಇಲ್ಲದ ಬಯಲಿನಲ್ಲಿ ೧೦ ದಿವಸ ತೆರೆದಿಟ್ಟರು. ಹಿಂದಿರುಗಿದ ಮೇಲೆ ಕೆಲವು ನೀರು ಕುಡಿದು ನಡೆದವು. ಇದನ್ನು ಕೇಳಿ ಕೆಲವರು ಈ ಪ್ರಾಣಿಗೆ ಮರಣವೇ ಇಲ್ಲವೆಂದು ಹೇಳಿಬಿಡುವರು. ಅದು ಅತಿಶಯೋಕ್ತಿ. ಎಚ್ಚರವಿರುವಾಗ ಅದು ಬಹಳ ಮೃದುವಾದ ಪ್ರಾಣಿ. ನೀರು ಬಿಸಿಯಾದರೆ ಸಾಯುವದು, ಬೇರೆ ಪ್ರಾಣಿಗಳ ಬಾಯಿಗೂ ಬೀಳುವದು. ನಿದ್ರಿಸುವ ಸಾಮರ್ಥ್ಯವೇ ಅದರ ಬಲವು.

ಇನ್ನು ಕಣ್ಣಿಗೆ ಕಾಣುವಂಥವುಗಳಿಗೆ ಬರೋಣ. ಚಳಿಗಾಲದಲ್ಲಿ ಕೆರೆಯ ನೀರು ತಿಳಿಯಾದಾಗ ಮುಳುಗಿದ ಕೊಂಬೆಯನ್ನಾಗಲಿ ತೂಬಿನ ಕಲ್ಲನ್ನಾಗಲಿ ನೋಡಿರಿ. ಅದರ ಮೇಲೆ ಹಸುರು, ಕಂದು ಅಥವಾ ಬೂದು ಬಣ್ಣದ ಮೆತ್ತನೆಯ ಹೊದಿಕೆಯು ಕೆಲವು ಸಾರಿ ಅಂಗೈಯಗಲ ಬೆಳೆದಿರುವದು. ಜನರು ಇದನ್ನು ಪಾಚಿಯೆಂದು ತಿಳಿಯುತ್ತಾರೆ. ಇದು ಪ್ರಾಣಿ, ಸಿಹಿನೀರಿನ ಸ್ಪಂಜು. ಶಿಲುಬೆಯ ವೃತ್ತಾಂತದಲ್ಲಿ ಹುಳಿರಸದಲ್ಲಿ ಅದ್ದಿದ ಸ್ಪಂಜಿನ ಸಂಗತಿಯನ್ನು ನಾವು ಓದಿದ್ದೇವಲ್ಲಾ. ಅದು ಸಮುದ್ರದ ಸ್ಪಂಜಿನ ಒಣಗಿದ ಗೂಡು. ಇದು ಅದೇ ಕುಲದ ಕೆರೆಯ ಶಾಖೆ.

ಸ್ಪಂಜಿಗೆ ಬಾಯಿಯಿಲ್ಲ, ಹೊಟ್ಟೆಯಿಲ್ಲ, ಹೃದಯವಿಲ್ಲ, ನರಗಳಿಲ್ಲ. ಮೈಯೆಲ್ಲಾ ಸಣ್ಣ ತೂತುಗಳು. ಒಳಗಿನ ಕೋಣೆಗಳಲ್ಲಿ ಚಾವಟಿಯಂಥಾ ರೋಮಗಳು ಹಗಲಿರುಳು ಆಡುತ್ತಾ ಸಣ್ಣ ತೂತುಗಳಿಂದ ನೀರನ್ನು ಎಳೆದು ದೊಡ್ಡ ತೂತಿನಿಂದ ಹೊರಗೆ ಹಾಕುವವು. ನೀರಿನಲ್ಲಿರುವ ಅತಿ ಸೂಕ್ಷ್ಮ ಜೀವಾಣುಗಳು ಒಳಗೆ ಸಿಕ್ಕಿ ಆಹಾರವಾಗುವವು. ಹೀಗೆ ಯಾರ ಅಪ್ಪಣೆಯೂ ಇಲ್ಲದೆ ಅದು ಕೆರೆಯ ನೀರನ್ನು ಸೋಸುತ್ತಾ ಇರುವದು. ಅದರ ಮೈಗೆ ಆಧಾರವಾಗಿ ಗಾಜಿನ ಪದಾರ್ಥದಿಂದಾದ ಸೂಜಿಗಳುಂಟು; ಒಣ ಸ್ಪಂಜನ್ನು ಹಿಸುಕಿದ ಕೈಯಿಂದ ಕಣ್ಣನ್ನು ಒರಸಿಕೊಳ್ಳಬಾರದು. ದಕ್ಷಿಣ ಅಮೇರಿಕದ ಅಮೆಜಾನ್ ನದೀತೀರದ ಕುಂಬಾರರು ಹಿಂದಿನ ಕಾಲದಲ್ಲಿ ಈ ಸ್ಪಂಜನ್ನು ಜೇಡಿಮಣ್ಣಿನಲ್ಲಿ ಕಲಸಿ ಮಡಿಕೆಗಳಿಗೆ ಗಟ್ಟಿತನವನ್ನು ಕೊಡುತ್ತಿದ್ದರು. ಈ ಕುಲದ ಒಂದು ವಿಚಿತ್ರವನ್ನು ೧೯೦೭ರಲ್ಲಿ ಅಮೇರಿಕದ ವಿಲ್ಸನ್ ಎಂಬ ಪಂಡಿತನು ಸಮುದ್ರದ ಸ್ಪಂಜಿನಲ್ಲಿ ತೋರಿಸಿದನು. ಜೀವವಿರುವ ಸ್ಪಂಜನ್ನು ತೆಳ್ಳಗಿನ ಬಟ್ಟೆಯಲ್ಲಿ ಹಿಂಡಿ ಕಣಕಣವಾಗಿ ಮಾಡಿದರೂ, ಆ ಕಣಗಳು ತೆವಳಿ ಒಂದನ್ನೊಂದು ಕೂಡಿ ತಿರಿಗಿ ಸ್ಪಂಜಾದವು.

ನಮ್ಮ ದೇಶದ ಸ್ಪಂಜುಗಳನ್ನು ಮೊದಲು ಚೆನ್ನಾಗಿ ಪರೀಕ್ಷಿಸಿದವನು ಮುಂಬಯಿಯಲ್ಲಿದ್ದ ಕಾರ್ಟರ್ ಎಂಬ ವೈದ್ಯನು. ೧೮೪೦ರ ದಶಕದಲ್ಲಿ ಅವನು ಆ ದ್ವೀಪದ ಕೆರೆಗಳಲ್ಲಿ ಇವುಗಳನ್ನು ಕೂಡಿಸಿ, ಅವುಗಳೊಳಗಿನ ಬೀಜದಂಥಾ ಕಾಳುಗಳನ್ನು ಬಿಡಿಸಿ ನೋಡಿದನು. ಕೆರೆಯು ಬತ್ತುವದಕ್ಕೆ ಮುಂಚೆ ಸ್ಪಂಜಿನ ಮೈಯೊಳಗೆ ಗಸಗಸೆಯಂಥಾ ದುಂಡು ಕಾಳುಗಳು ಹುಟ್ಟುವವು. ಒಂದೊಂದರೊಳಗೂ ಆಹಾರ ತುಂಬಿದ ಜೀವಕಣಗಳ ಗುಂಪು, ಸುತ್ತಲೂ ಗಟ್ಟಿಯಾದ ಸಿಪ್ಪೆ. ತಾಯಿಸ್ಪಂಜು ಒಣಗಿ ಉದುರಿಹೋದರೂ ಕಾಳುಗಳು ಕೊಂಬೆಗೆ ಅಂಟಿಕೊಂಡು ಬಿಸಿಲನ್ನು ತಾಳುವವು. ನೀರು ಬಂದ ಮೇಲೆ ಸಿಪ್ಪೆಯ ತೂತಿನಿಂದ ಜೀವಕಣಗಳು ಹೊರಟು ಹೊಸ ಸ್ಪಂಜನ್ನು ಕಟ್ಟುವವು. ಕಾರ್ಟರನ ಕೆಲಸವನ್ನು ಮುಂದರಿಸಿದವರು ಆನಂಡೇಲ್ ದೊರೆಗಳು. ಇವರು ೧೯೧೧ರಲ್ಲಿ ನಮ್ಮ ದೇಶದ ಸಿಹಿನೀರಿನ ಸ್ಪಂಜು ಮುಂತಾದವುಗಳ ಮೇಲೆ ಒಂದು ಗ್ರಂಥವನ್ನು ಬರೆದು, ೧೯೧೬ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯು ಏರ್ಪಟ್ಟಾಗ ಅದರ ಮೊದಲನೆಯ ನಿರ್ದೇಶಕರಾದರು.

ಸ್ಪಂಜಿನ ಪಕ್ಕದಲ್ಲಿಯೇ ಕೆಲವು ಸಾರಿ ಕಂದು ಬಣ್ಣದ ಬೇರಿನ ಹಾಗೆ ಕವಲೊಡೆದ ಜಾಲವು ಹಬ್ಬಿರುವದು. ಪಂಡಿತರು ಇದನ್ನು ಬ್ರಯೋಜೋವ, ಅಂದರೆ ಪಾಚಿಪ್ರಾಣಿ ಎನ್ನುವರು. ಒಂದೊಂದು ಕೊಳವೆಯಲ್ಲಿ ಒಂದೊಂದು ಪುಟ್ಟ ಪ್ರಾಣಿ ವಾಸವಾಗಿದ್ದು, ಕುದುರೆಯ ಲಾಳದ ಆಕಾರದ ಮೀಸೆಗಳ ಕುಚ್ಚನ್ನು ಹೊರಚಾಚಿ ಆಹಾರವನ್ನು ಹಿಡಿಯುವದು; ಬೇಕಾದಾಗ ಅದನ್ನು ಕ್ಷಣದಲ್ಲಿ ಒಳಗೆ ಎಳೆದುಕೊಳ್ಳುವದು. ಇವೂ ಬೀಜದಂಥಾ ಕಾಳುಗಳನ್ನು ಮಾಡುವವು. ಅವುಗಳ ಅಂಚಿನಲ್ಲಿ ಗಾಳಿ ತುಂಬಿದ ಬಳೆಯಿರುವದರಿಂದ ನೀರ ಮೇಲೆ ತೇಲಿ, ಬಾತುಕೋಳಿಗಳ ಕಾಲಿಗೂ ರೆಕ್ಕೆಗೂ ಅಂಟಿಕೊಂಡು ಒಂದು ಕೆರೆಯಿಂದ ಮತ್ತೊಂದು ಕೆರೆಗೆ ಹೋಗುವವು. ನೀರು ಸಾಗಿಸುವ ಕೊಳವೆಗಳೊಳಗೆ ಬೆಳೆದು ಅವುಗಳನ್ನು ಕಟ್ಟಿಹಾಕಿದ್ದೂ ಉಂಟು. ಸಮುದ್ರದಲ್ಲಿ ಮಾತ್ರವೇ ಇರುವದೆಂದು ನಾವು ಎಣಿಸುವ ಅಂಬಲಿಮೀನಿನ ಒಂದು ಸಣ್ಣ ಜಾತಿಯು ಸಹ ಸಿಹಿನೀರಿನಲ್ಲಿ ಉಂಟು; ೧೯೧೧ರಲ್ಲಿ ಅದನ್ನು ಸಾತಾರ ಸೀಮೆಯ ಪಶ್ಚಿಮ ಘಟ್ಟದ ಹೊಳೆಯಲ್ಲಿ, ಅಂದರೆ ನಮ್ಮ ನಾಡಿಗೆ ಹರಿದು ಬರುವ ಕೃಷ್ಣಾ ನದಿಯ ತಲೆಯ ಕಡೆಯಲ್ಲಿ, ಕಂಡುಹಿಡಿದವರು ಶಂಕರ ಪುರುಷೋತ್ತಮ ಆಘಾರಕರರು.

ಮಳೆಯ ಹೊಂಡದಲ್ಲಿ ಅಂಗಾತ ಮಲಗಿದಂತೆ ಈಜುವ ಪಾರದರ್ಶಕವಾದ ಒಂದು ಪ್ರಾಣಿಯನ್ನು ಹುಡುಗರು ಕಂಡಿರಬಹುದು. ಬೆರಳಿನ ಗೆಣ್ಣಿನಷ್ಟು ಉದ್ದ, ಎಲೆಯಂಥಾ ೧೧ ಜೊತೆ ಕಾಲುಗಳು ಮೇಲ್ಮುಖವಾಗಿ ಅಲೆಯುತ್ತಿರುವವು. ಸೀಗಡಿಗೆ ದೂರದ ಸಂಬಂಧ. ಮೀನುಗಳಿರುವ ಕೆರೆಯಲ್ಲಿ ಇದು ಉಳಿಯಲಾರದು, ಯಾಕಂದರೆ ಓಡಿ ತಪ್ಪಿಸಿಕೊಳ್ಳುವ ಬಲವಿಲ್ಲ; ಆದದರಿಂದ ಬೇಗನೆ ಬತ್ತಿಹೋಗುವ ಹೊಂಡಗಳೇ ಇದರ ಮನೆ. ಕೆಲವು ವಾರಗಳಲ್ಲಿ ಹುಟ್ಟಿ, ಬೆಳೆದು, ತತ್ತಿಯಿಟ್ಟು ಸಾಯುವದು. ತತ್ತಿಯು ಮಣ್ಣಿನಲ್ಲಿ ವರುಷಗಟ್ಟಲೆ ಒಣಗಿಕೊಂಡು ಇರಬಲ್ಲದು. ಇದರಲ್ಲಿ ಒಂದು ಗಮನಿಸತಕ್ಕ ಸಂಗತಿಯುಂಟು. ಮೊದಲನೆಯ ಮಳೆಗೆ ಎಲ್ಲಾ ತತ್ತಿಗಳೂ ಒಡೆಯುವದಿಲ್ಲ. ಕೆಲವು ಒಡೆಯುವವು, ಕೆಲವು ಎರಡನೆಯ ಮಳೆಗೆ, ಇನ್ನು ಕೆಲವು ಮುಂದಿನ ವರುಷಕ್ಕೆ ಉಳಿಯುವವು. ಮೊದಲ ಮಳೆಯು ಮೋಸ ಮಾಡಿ ಹೊಂಡವು ನಾಲ್ಕು ದಿನಗಳಲ್ಲಿ ಬತ್ತಿದರೂ ವಂಶವು ಅಳಿಯದು. ಒಂದೇ ಹದಕ್ಕೆ ಬೀಜವನ್ನೆಲ್ಲಾ ಬಿತ್ತಿಬಿಡದ ರೈತನು ಇದನ್ನು ಬೇಗನೆ ಗ್ರಹಿಸುವನು. ಬೇಸಿಗೆಯಲ್ಲಿ ಇಂಥಾ ಹೊಂಡದ ಒಣಮಣ್ಣನ್ನು ಒಂದು ಹಿಡಿ ತಂದು, ಗಾಜಿನ ಪಾತ್ರೆಯಲ್ಲಿ ಮಳೆನೀರು ಹಾಕಿ ನೆರಳಿನಲ್ಲಿ ಇಟ್ಟು ನೋಡಿದರೆ ಮಕ್ಕಳಿಗೆ ಯಾವ ಪುಸ್ತಕವೂ ಬೇಕಾಗುವದಿಲ್ಲ.

ಈಗ ಮೊದಲು ಸೂಚಿಸಿದ ಪ್ರಾಣಿಗೆ ಬರುವೆವು. ಕೆರೆಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿದರೆ ಬಿಳಿಯ ಚುಕ್ಕೆಗಳು ಕುಪ್ಪಳಿಸುವಂತೆ ಓಡುವದು ಕಾಣುವದು. ಇವುಗಳಲ್ಲಿ ಒಂದು ಸೈಕ್ಲಾಪ್ಸ್. ತಲೆಯ ನಡುವೆ ಒಂದೇ ಕಣ್ಣು ಇರುವದರಿಂದ, ಗ್ರೀಕರ ಕಥೆಯಲ್ಲಿ ಬರುವ ಒಕ್ಕಣ್ಣ ರಾಕ್ಷಸನ ಹೆಸರನ್ನು ಇದಕ್ಕೆ ಕೊಟ್ಟರು. ರಾಕ್ಷಸನೋ ಎಳ್ಳಿಗಿಂತ ಚಿಕ್ಕವನು. ಹೆಣ್ಣು ಬಾಲದ ಎರಡು ಪಕ್ಕಗಳಲ್ಲಿ ತತ್ತಿಯ ಚೀಲಗಳನ್ನು ಹೊತ್ತುಕೊಂಡು ತಿರುಗುವದು. ಕೆರೆಯು ಒಣಗುವಾಗ ಕೆಲವು ಜಾತಿಗಳ ಎಳೆಯವು ಕೆಸರಿನೊಳಗೆ ಹೂತುಕೊಂಡು ನಿದ್ರಿಸುವವು. ಮೀನಿನ ಮರಿಗಳು ಇವುಗಳನ್ನು ತಿಂದು ಬೆಳೆಯುವವು.

ಉತ್ತರ ಕರ್ನಾಟಕದ ಹಿರಿಯರಿಗೆ ನಾರುಹುಣ್ಣು ಎಂಬ ಮಾತು ಮರೆತಿರಲಾರದು. ಕಾಲಿನಲ್ಲಿ ಬೊಬ್ಬೆ ಎದ್ದು, ಉರಿದು, ಒಡೆದು, ಅದರೊಳಗಿಂದ ದಾರದಂಥಾ ಬಿಳಿಯ ಹುಳವು ಹೊರಡುವದು. ಅದರ ಉದ್ದ ಎರಡು ಮೂರು ಅಡಿ. ಎಳೆದರೆ ತುಂಡಾಗಿ ಕಾಲು ಕೀವುಗಟ್ಟುವದು. ಆದದರಿಂದ ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಅಂಗುಲದಂತೆ ವಾರಗಟ್ಟಲೆ ತೆಗೆಯಬೇಕಾಗಿತ್ತು. ಆ ದಿವಸಗಳಲ್ಲಿ ರೋಗಿಯು ನಡೆಯಲಾರನು, ಹೊಲಕ್ಕೆ ಹೋಗಲಾರನು. ಒಂದು ಮನೆಯಲ್ಲಿ ಇಬ್ಬರು ಮೂವರು ಹೀಗೆ ಬಿದ್ದರೆ ಆ ವರುಷದ ಬಿತ್ತನೆಯು ಹೋದಂತೆಯೇ. ಇದಕ್ಕೆ ಔಷಧವೂ ಇಲ್ಲ, ಲಸಿಕೆಯೂ ಇಲ್ಲ, ಈಗಲೂ ಇಲ್ಲ. ಅರಣ್ಯದಲ್ಲಿ ಇಸ್ರಾಯೇಲ್ಯರನ್ನು ಬಾಧಿಸಿದ ಉರಿಯುವ ಸರ್ಪಗಳು ಈ ಹುಳವೇ ಎಂದು ಕೆಲವರು ಊಹಿಸಿದ್ದಾರೆ. ಆ ಅಧ್ಯಾಯದಲ್ಲಿ ಸರ್ಪಗಳು ಕಚ್ಚಿದವೆಂದೂ ಬಹು ಜನರು ಸತ್ತರೆಂದೂ ಇರುವದರಿಂದ ನಮಗೆ ಆ ಊಹೆಯು ಹಿಡಿಸುವದಿಲ್ಲ.

ಹುಳವು ಕಾಲಿನೊಳಗೆ ಹೇಗೆ ಸೇರುವದೆಂಬ ಗುಟ್ಟನ್ನು ೧೮೭೦ರ ವೇಳೆಗೆ ತುರ್ಕಿಸ್ತಾನದಲ್ಲಿ ರಷ್ಯದ ಫೆದ್‌ಚೆಂಕೋ ಎಂಬವನು ಬಿಡಿಸಿದನು. ಹುಣ್ಣಿನ ಉರಿಯನ್ನು ತಾಳಲಾರದೆ ರೋಗಿಯು ಕಾಲನ್ನು ನೀರಿನಲ್ಲಿ ಇಡುವನು. ಕೂಡಲೆ ಹುಳವು ಲಕ್ಷಾಂತರ ಮರಿಗಳನ್ನು ನೀರಿಗೆ ಬಿಡುವದು. ಮರಿಗಳು ತಾವಾಗಿ ಮನುಷ್ಯನೊಳಗೆ ಹೋಗಲಾರವು. ಸೈಕ್ಲಾಪ್ಸ್ ಅವುಗಳನ್ನು ನುಂಗಬೇಕು, ಅದರ ಮೈಯಲ್ಲಿ ಅವು ಸುಮಾರು ಎರಡು ವಾರ ಬಲಿಯಬೇಕು. ಅನಂತರ ಯಾರಾದರೂ ಆ ನೀರನ್ನು ಸೋಸದೆ ಕುಡಿದರೆ ಸೈಕ್ಲಾಪ್ಸ್ ಹೊಟ್ಟೆಯಲ್ಲಿ ಸತ್ತು ಮರಿಗಳು ಹೊರಬಿದ್ದು ಕರುಳನ್ನು ತೂರಿ ಮೈಯನ್ನು ಸೇರುವವು. ಸುಮಾರು ಒಂದು ವರುಷದ ಮೇಲೆ ಬೊಬ್ಬೆ ಏಳುವದು. ಹೋದ ವರುಷ ಕುಡಿದ ನೀರಿಗೆ ಈ ವರುಷ ನೋವು; ಹೀಗಿರುವಲ್ಲಿ ಕಾರಣವು ನೀರೆಂದು ಜನರಿಗೆ ಹೊಳೆಯದೆ ಹೋದದ್ದು ಆಶ್ಚರ್ಯವಲ್ಲ. ಮೆಟ್ಟಲು ಬಾವಿಗಳಲ್ಲಿ ಕೊಡ ತುಂಬುವದಕ್ಕೆ ನೀರಿಗೆ ಇಳಿಯುತ್ತಿದ್ದದರಿಂದ ಹುಣ್ಣಿನ ಕಾಲೂ ಕುಡಿಯುವ ನೀರೂ ಒಂದೇ ಸ್ಥಳದಲ್ಲಿ ಕೂಡುತ್ತಿದ್ದವು.

ಇದನ್ನು ತಿಳಿದ ಮೇಲೆ ಉಪಾಯವು ಸುಲಭವಾಯಿತು. ನಡಿಸುವದು ಮಾತ್ರ ಸುಲಭವಾಗಿರಲಿಲ್ಲ. ೧೯೮೪ರಲ್ಲಿ ನಮ್ಮ ದೇಶದ ಏಳು ರಾಜ್ಯಗಳಲ್ಲಿ, ಕರ್ನಾಟಕವೂ ಅವುಗಳಲ್ಲಿ ಒಂದು, ೧೨,೦೦೦ಕ್ಕೆ ಮೇಲ್ಪಟ್ಟ ಗ್ರಾಮಗಳೊಳಗೆ ಸುಮಾರು ೪೦,೦೦೦ ರೋಗಿಗಳು ಲೆಕ್ಕಕ್ಕೆ ಸಿಕ್ಕಿದರು. ಆರೋಗ್ಯ ಇಲಾಖೆಯ ನೌಕರರು ಮನೆಮನೆಗೂ ಹೋಗಿ ರೋಗಿಗಳನ್ನು ಹುಡುಕಿದರು. ಹುಣ್ಣಿಗೆ ಬಟ್ಟೆ ಕಟ್ಟಿ ನೀರಿಗೆ ಇಳಿಯದಂತೆ ಎಚ್ಚರಿಸಿದರು. ಮೆಟ್ಟಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು. ಕೊಳವೆ ಬಾವಿಗಳನ್ನು ಕೊರೆಯಿಸಿದರು. ಸೈಕ್ಲಾಪ್ಸನ್ನು ಕೊಲ್ಲುವ ಔಷಧವನ್ನು ನೀರಿಗೆ ಹಾಕಿದರು. ನೀರು ಸೋಸುವದಕ್ಕೆ ನಯವಾದ ಬಟ್ಟೆಯನ್ನು ಹಂಚಿದರು. ಕೊನೆಯ ರೋಗಿಯು ೧೯೯೬ನೇ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಸಿಕ್ಕಿದನು. ೨೦೦೦ನೇ ಫೆಬ್ರವರಿಯಲ್ಲಿ ಭಾರತವು ಈ ರೋಗದಿಂದ ಬಿಡುಗಡೆಯಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಪ್ರಮಾಣಪತ್ರ ಕೊಟ್ಟಿತು. ೧೯೮೬ರಲ್ಲಿ ಲೋಕದಲ್ಲೆಲ್ಲಾ ಸುಮಾರು ೩೫ ಲಕ್ಷ ಜನರು ಈ ಹುಳದಿಂದ ನರಳುತ್ತಿದ್ದರು. ೨೦೨೪ರಲ್ಲಿ ಹದಿನೈದು ಜನರು ಮಾತ್ರ, ಅವರೂ ಆಫ್ರಿಕ ಖಂಡದವರು.

ಹಾಗಾದರೆ ಸೈಕ್ಲಾಪ್ಸ್ ನಮ್ಮ ಶತ್ರುವೋ? ಹಾಗೆ ಹೇಳಲಾಗದು. ಹುಳವು ಹೋಯಿತು, ಸೈಕ್ಲಾಪ್ಸ್ ನಮ್ಮ ಕೆರೆಗಳಲ್ಲಿ ಈಗಲೂ ಉಂಟು, ಇರುವದೇ ಒಳ್ಳೇದು. ವಿಯೆಟ್ನಾಮ್ ದೇಶದ ಹಳ್ಳಿಗಳಲ್ಲಿ ಅದರ ಹತ್ತಿರದ ಸಂಬಂಧಿಯಾದ ಒಂದು ಜಾತಿಯನ್ನು ಜನರು ಬೇಕೆಂದೇ ನೀರಿನ ತೊಟ್ಟಿಗಳಲ್ಲಿ ಬಿಟ್ಟರು. ಅದು ಸೊಳ್ಳೆಯ ಮರಿಗಳನ್ನು ತಿಂದು ಡೆಂಗೀ ಜ್ವರವನ್ನು ಬಹಳವಾಗಿ ಕಡಿಮೆ ಮಾಡಿತು. ನಾರುಹುಳ ಇರುವ ಸೀಮೆಯಲ್ಲಿ ಇದನ್ನು ಮಾಡತಕ್ಕದ್ದಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಆದರೂ ಒಂದು ವಿಷಯದಲ್ಲಿ ಎಚ್ಚರಿಕೆ ಅವಶ್ಯ. ವಾಂತಿಭೇದಿಯ ಜೀವಾಣುಗಳು ಸೈಕ್ಲಾಪ್ಸ್ ಮತ್ತು ಅದರ ಬಂಧುಗಳ ಮೈಗೆ ಗುಂಪುಗುಂಪಾಗಿ ಅಂಟಿಕೊಂಡಿರುವವು. ಬಾಂಗ್ಲಾದೇಶದ ೬೫ ಗ್ರಾಮಗಳಲ್ಲಿ ರೀಟಾ ಕಾಲ್ವೆಲ್ ಎಂಬ ಅಮೇರಿಕದ ವಿದುಷಿಯೂ ಅವರ ಜೊತೆಗಾರರೂ ಇದನ್ನು ಪರೀಕ್ಷಿಸಿ ೨೦೦೩ರಲ್ಲಿ ಫಲವನ್ನು ಪ್ರಕಟಿಸಿದರು. ಹಳೆಯ ಹತ್ತಿಯ ಸೀರೆಯನ್ನು ಮಡಿಚಿ ನೀರು ಸೋಸಿದ ಊರುಗಳಲ್ಲಿ ವಾಂತಿಭೇದಿಯು ನೂರಕ್ಕೆ ೪೮ರಷ್ಟು ಕಡಿಮೆಯಾಯಿತು. ಹೊಸ ಸೀರೆಗಿಂತ ಹಳೆಯದೇ ಉತ್ತಮವೆಂದು ಕಂಡುಬಂತು, ಯಾಕಂದರೆ ಒಗೆದು ಒಗೆದು ನೂಲು ಮೆತ್ತಗಾಗಿ ಸಂದುಗಳು ಕಿರಿದಾಗುವವು. ಒಂದೇ ಪದರು ಸಾಲದು. ನಾಲ್ಕರಿಂದ ಎಂಟು ಪದರು ಬೇಕು.

ಈಗ ಬಹು ಊರುಗಳಲ್ಲಿ ನಲ್ಲಿ ಬಂದಿದೆ. ಆದರೆ ಬೇಸಿಗೆಯಲ್ಲಿ ಕೊಳವೆ ಬಾವಿಯು ಬತ್ತಿದಾಗಲೂ, ನೆರೆ ಬಂದು ನೀರು ಕೆಟ್ಟಾಗಲೂ, ಕೆರೆಯ ನೀರನ್ನೇ ಹೊತ್ತು ತರಬೇಕಾದ ಮನೆಗಳು ಇನ್ನೂ ಉಂಟು. ಅಂಥಾ ನೀರನ್ನು ಹಳೆಯ ಸೀರೆಯ ತುಂಡನ್ನು ಮಡಿಚಿ ಕೊಡದ ಬಾಯಿಗೆ ಬಿಗಿಯಾಗಿ ಕಟ್ಟಿ ಸೋಸಿರಿ. ಬಿಡಿಯಾಗಿ ತೇಲುವ ಜೀವಾಣುಗಳನ್ನು ಬಟ್ಟೆಯು ತಡೆಯಲಾರದು. ಆದದರಿಂದ ಸೌದೆಯಿದ್ದರೆ ಸೋಸಿದ ಮೇಲೆ ನೀರನ್ನು ಕುದಿಸುವದು ಇನ್ನೂ ಒಳ್ಳೇದು. ಬಟ್ಟೆಯ ಯಾವ ಮಗ್ಗುಲಿನಲ್ಲಿ ಕಸ ನಿಂತಿತೋ ಆ ಮಗ್ಗುಲು ಪ್ರತಿ ಸಾರಿಯೂ ಮೇಲೆಯೇ ಇರಬೇಕು. ತಿರುಗಿಸಿ ಕಟ್ಟಿದರೆ ಹಿಡಿದದ್ದೆಲ್ಲವೂ ಕೊಡದೊಳಗೆ ಬೀಳುವದು. ಕೆಲಸವಾದ ಮೇಲೆ ಬಟ್ಟೆಯನ್ನು ಜಾಲಿಸಿ, ಒದ್ದೆಯಾಗಿ ಮೂಲೆಯಲ್ಲಿ ಬಿಡದೆ, ಚೆನ್ನಾಗಿ ಬಿಸಿಲು ಬೀಳುವ ಕಡೆ ಹರವಿ ಪೂರಾ ಒಣಗಿಸಿರಿ.